ಒಂಬತ್ತನೇ ರೋಜಾದ ಫೈನಲ್

ನೆಲ್ಸನ್ನಿಗೆ ಬಂದ ಮೇಲೆ ಹಾಲು, ಬ್ರೆಡ್ಡು ಎಲ್ಲವನ್ನೂ ಸೂಪರ್‌ಮಾರ್ಕೆಟ್ಟಿನಲ್ಲೇ ತರುವ ಮನುಷ್ಯನಾಗಿಬಿಟ್ಟಿದ್ದೇನೆ. ಮೊನ್ನೆ ಮಾತ್ರ ಬಂದರಿನ ದಾರಿಯಲ್ಲಿರುವ ಒಂದು ಡೇರಿಗೆ ಹೋಗಬೇಕಾಯಿತು. ಡೇರಿ ಎಂದರೆ ಈ ದೇಶದಲ್ಲಿ ಬೀದಿ ಮೂಲೆಯ ಸಣ್ಣ ಅಂಗಡಿ. ಹಸು ಎಮ್ಮೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಬಾಗಿಲು ತಳ್ಳಿದ ಕೂಡಲೇ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಕೌಂಟರಿನ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಯಾಗುತ್ತಿದ್ದ, ಹಿಟ್ಟಿನೊಳಗೆ ಕೀಮಾ ತುಂಬಿದ ಪೈ, ಹಿಂದಿನ ಕೋಣೆಯಲ್ಲಿ ಯಾರೋ ಕರಿಯುತ್ತಿದ್ದ ಮೆಣಸಿನಕಾಯಿ ಬಜ್ಜಿ. ನಾನು ಹಾಲಿನ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅಂಗಡಿಯ ಹೆಂಗಸು 'ಆರ್ ಯು ಓಕೆ?' ಎಂದು ಕೇಳಿದಳು. ಓಕೆ ಎಂದು ತಲೆಯಾಡಿಸಿದೆ. ಮನಸ್ಸು ಮಾತ್ರ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿತ್ತು, ಖಾದರ್ ಅಂಕಲ್‌ ಡೇರಿಯಲ್ಲಿ, ನಾನು ಲೆಕ್ಕ ತಪ್ಪಿದ ಆ ಮಾರ್ಚ್ ತಿಂಗಳಲ್ಲಿ.

ಆಗ ನಾನು ಹಾರ್ನ್‌ಬಿಯ ಒಂದು ಗೋದಾಮಿನಲ್ಲಿ ದಾಸ್ತಾನು ಎಣಿಸುವ ಕೆಲಸದಲ್ಲಿದ್ದೆ. ಮೈಸೂರಿನಿಂದ ಸ್ಟ್ಯಾಟಿಸ್ಟಿಕ್ಸ್ ಓದಲು ಬಂದವನು, ಓದು ಮುಗಿಸಿ, ಟಾಯ್ಲೆಟ್ ಪೇಪರಿನ ಹೊರೆಗಳನ್ನು ಎಣಿಸುತ್ತಾ ಎಣಿಸುತ್ತಾ ಈ ದೇಶದ ರೆಸಿಡೆಂಟ್ ಆದವನು. ಓದುವಾಗ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ರಾಶಿ ಅಂಕಿಅಂಶ ಹಂಚಿದ್ದರು. ಒಬ್ಬನಿಗೆ ಮಳೆ, ಇನ್ನೊಬ್ಬಳಿಗೆ ಕುರಿ. ನನ್ನ ಪಾಲಿಗೆ ಬಂದದ್ದು ಅಮೆರಿಕದ ಯಾರೂ ಕೇಳರಿಯದ ಎಂಟು ಸಣ್ಣ ಕಾಲೇಜುಗಳ ಹುಡುಗಿಯರ ಬಾಸ್ಕೆಟ್‌ಬಾಲ್. ಪರೀಕ್ಷೆ ಮುಗಿಯಿತು, ಮೇಷ್ಟ್ರು ನಿವೃತ್ತರಾದರು, ನಾನು ಮಾತ್ರ ನಿಲ್ಲಿಸಲಿಲ್ಲ. ಪ್ರತಿ ವಾರ ಹೊಸ ಅಂಕಿ ತುಂಬುತ್ತಿದ್ದೆ. ಯಾರು ಎಷ್ಟು ನಿಮಿಷ ಆಡಿದರು, ನಿಮಿಷಕ್ಕೆ ಎಷ್ಟು ಪಾಯಿಂಟು, ಸೋಲುವ ಪಂದ್ಯದಲ್ಲಿ ಯಾರ ಕೈ ನಡುಗುತ್ತದೆ, ಗೆಲ್ಲುವ ಪಂದ್ಯದಲ್ಲಿ ಯಾರು ಮೆರೆಯುತ್ತಾರೆ. ನನಗೆ ಆ ಆಟ ಬರುತ್ತಿತ್ತೇ ಎಂದು ಕೇಳಬೇಡಿ. ಒಮ್ಮೆ ಪಾರ್ಕಿನಲ್ಲಿ ಬಾಸ್ಕೆಟ್‌ಬಾಲ್ ಒಂದು ಉರುಳಿ ನನ್ನ ಕಡೆ ಬಂದಾಗ ಹಿರಿಯರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತಿದ್ದೆ.

ಆ ಪಟ್ಟಿಯಲ್ಲಿ ಎಲ್ಲ ಇತ್ತು, ದಿನಾಂಕದ ಕಾಲಂ ಒಂದು ಇರಲಿಲ್ಲ. ಅವರ ಶನಿವಾರ ಮಧ್ಯಾಹ್ನ ನಮ್ಮ ಭಾನುವಾರ ಬೆಳಿಗ್ಗೆ. ಕೆಲವು ಸಲ ಅವರ ದಿನಾಂಕ, ಕೆಲವು ಸಲ ನಮ್ಮದು ಹಾಕಿ, ಒಂದೇ ಪಂದ್ಯವನ್ನು ಎರಡು ಸಲ ಎಣಿಸಿ ತಲೆ ಕೆಟ್ಟು ಒಂದು ದಿನ ಇಡೀ ಕಾಲಂ ಅಳಿಸಿ ಹಾಕಿದ್ದೆ. ಒಂದನೇ ಪಂದ್ಯ, ಎರಡನೇ ಪಂದ್ಯ ಎಂದು ಬರೀ ನಂಬರು ಕೊಟ್ಟೆ. ಎಷ್ಟು ಸರಳವಾಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಖಾದರ್ ಅಂಕಲ್ ಪರಿಚಯವಾದ ರೀತಿ ನೆನೆದರೆ ಈಗಲೂ ಬೆವರುತ್ತದೆ. ಹೊಸದಾಗಿ ಆ ಬೀದಿಗೆ ಬಂದ ನಾನು ಬ್ರೆಡ್ ತರಲು ಅವರ ಡೇರಿಗೆ ಹೋದೆ. ಕೌಂಟರಿನ ಹಿಂದಿನ ಗೋಡೆಯ ಮೇಲೆ ಒಂದು ಫೋಟೊ: ಎತ್ತರದ ಹುಡುಗಿ, ತಲೆಗೆ ಕಪ್ಪು ಹಿಜಾಬು, ಅಂಗಿಯ ಮೇಲೆ ಹದಿನಾಲ್ಕನೇ ನಂಬರು, ಕೆಳಗೆ ನದಾಫ್ ಎಂಬ ಹೆಸರು. ನನ್ನ ಪಟ್ಟಿಯಲ್ಲಿ ಮೂರು ವರ್ಷದಿಂದ ನಾನು ಕಾಣುತ್ತಿದ್ದ ಹೆಸರು ಅದು! ಎದುರು ನಿಂತಿದ್ದ, ಬಿಳಿ ಗಡ್ಡ ಟ್ರಿಮ್ ಮಾಡಿದ ಮನುಷ್ಯನಿಗೆ ನಮಸ್ಕಾರ ಕೂಡ ಹೇಳದೆ ಇಂಗ್ಲಿಷಿನಲ್ಲಿ ಒದರಿಬಿಟ್ಟೆ, "ಆರ್. ನದಾಫ್! ಆರಡಿ! ಎಡಗೈ! ಫ್ರೀ ಥ್ರೋ ನೂರಕ್ಕೆ ಎಂಬತ್ತೊಂದು!"

ಆ ಮನುಷ್ಯ ಬ್ರೆಡ್ಡನ್ನು ಮೆಲ್ಲಗೆ ನನ್ನ ಕೈಯಿಂದ ಕಿತ್ತುಕೊಂಡು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಯಾರು ನೀನು, ನನ್ನ ಮಗಳು ನಿನಗೆ ಹೇಗೆ ಗೊತ್ತು ಎಂದು ಇಂಗ್ಲಿಷಿನಲ್ಲೇ ಕೇಳಿದ. ಒಳಗಿನಿಂದ ಹೆಣ್ಣು ದನಿಯೊಂದು ಬಂತು, "ಯಾರ್ರೀ ಅದು? ಪೊಲೀಸರಿಗೆ ಫೋನ್ ಹಚ್ಚಲೇನು?"

"ಬೇಡಿ ಆಂಟಿ, ಬೇಡಿ!" ಎಂದು ಕಿರುಚಿದೆ. "ನಾನು ಮೈಸೂರಿನವನು!"

ಮೈಸೂರಿನವನಾದರೆ ಪೊಲೀಸರು ಯಾಕೆ ಬೇಡ ಎಂದು ಪುಣ್ಯಕ್ಕೆ ಅವರು ಕೇಳಲಿಲ್ಲ. ಮಮತಾಜ್ ಆಂಟಿ ಕುಂಟುತ್ತಾ ಹೊರಗೆ ಬಂದರು, ನೋವಿನ ಮೊಣಕಾಲು ಹಿಡಿದುಕೊಂಡೇ ನಕ್ಕರು. ಹತ್ತು ನಿಮಿಷದಲ್ಲಿ ನನ್ನ ಮುಂದೆ ಚಹಾ ಇತ್ತು, ಬಜ್ಜಿ ಇತ್ತು. ಅವರು ಸವಣೂರಿನ ನದಾಫರು. ಅಂಕಲ್ಲಿನ ತಂದೆ ಊರಲ್ಲಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರಂತೆ. ಮನೆಮಾತೇ ಕನ್ನಡ. ಮಗಳು ರೇಷ್ಮಾ ಆರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು, ಶಾಲೆಯಲ್ಲಿ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಳು, ಬಾಸ್ಕೆಟ್‌ಬಾಲ್ ಕೋಚ್ ಕಣ್ಣಿಗೆ ಬಿದ್ದಳು, ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಕಾಲೇಜಿಗೆ ಹೋದಳು. ನನ್ನ ಎಂಟು ಕಾಲೇಜುಗಳಲ್ಲಿ ಅವಳದೂ ಒಂದು. ಅದು ಅವಳ ನಾಲ್ಕನೇ ವರ್ಷ, ಕೊನೆಯ ವರ್ಷ.

ಈ ನಾಲ್ಕು ವರ್ಷದಲ್ಲಿ ಅಂಕಲ್ ಅವಳ ಒಂದೇ ಒಂದು ಪಂದ್ಯವನ್ನೂ ಅಲ್ಲಿಗೆ ಹೋಗಿ ನೋಡಿರಲಿಲ್ಲ. ಡೇರಿಗೆ ರಜೆ ಇಲ್ಲ. ಬೆಳಿಗ್ಗೆ ಆರಕ್ಕೆ ಯೂಟ್ ಎಂಬ ಪಿಕಪ್ ಗಾಡಿಗಳಲ್ಲಿ ಬರುವ ಕೆಲಸಗಾರರಿಗೆ ಪೈ ಬೇಕು, ಸಂಜೆ ಮಕ್ಕಳಿಗೆ ಲಾಲಿ, ಅಂದರೆ ಪೆಪ್ಪರ್‌ಮಿಂಟು, ಬೇಕು. ಆಂಟಿಗೆ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಾಗುತ್ತಿರಲಿಲ್ಲ. ಪಂದ್ಯ ನೋಡುವುದೆಲ್ಲ ಕೌಂಟರಿನ ಮೇಲೆ ಒರಗಿಸಿಟ್ಟ ಫೋನಿನಲ್ಲೇ.

"ಅಕಿ ಚೆಂಡು ಎತ್ತಿ ಇನ್ನೇನ ಒಗೀಬೇಕು ಅನ್ನೂದ್ರಾಗ ಯಾರರ ಪೈ ಕೇಳಾಕ ಬರ್ತಾರ ನೋಡು," ಎನ್ನುತ್ತಿದ್ದರು ಅಂಕಲ್. "ಪೈ ಕೊಟ್ಟು ತಿರುಗಿ ನೋಡೂದ್ರಾಗ ಎಲ್ಲಾರೂ ಆ ಕಡಿ ಓಡಿಬಿಟ್ಟಿರ್ತಾರ. ಬಿತ್ತೋ ಇಲ್ಲೋ ಗೊತ್ತಾಗಂಗಿಲ್ಲ. ನಾಲ್ಕು ವರ್ಷ ಆತು, ನನ್ನ ಮಗಳು ಚೆಂಡು ಒಗಿಯೂದು ನೋಡೀನಿ, ಬೀಳೂದು ನೋಡಿಲ್ಲ."

ಅಲ್ಲಿಂದ ನಾನು ಅವರ ಮನೆಯ ಆಸ್ಥಾನ ಗಣಿತಜ್ಞನಾದೆ. ಗೋದಾಮಿನಿಂದ ಬರುವಾಗ ದಿನಾ ಡೇರಿಗೆ ಹೋಗುವುದು, ಅಂಕಿ ಹೇಳುವುದು, ಬಜ್ಜಿ ತಿನ್ನುವುದು. ಅಂಕಲ್ ಬಂದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ, ಈತ ಪ್ರೊಫೆಸರ್ ಎಂದು ಸುಳ್ಳು ಹೇಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಆ ಮಾರ್ಚಿನಲ್ಲಿ ಕ್ರೈಸ್ಟ್‌ಚರ್ಚನ್ನು ನಾರ್ವೆಸ್ಟರ್ ಹಿಡಿದುಕೊಂಡಿತ್ತು. ಬೆಟ್ಟದ ಆಚೆಯಿಂದ ಇಳಿದು ಬರುವ ಬಿಸಿ ಒಣ ಗಾಳಿ. ಗೋದಾಮಿನ ಶಟರ್‌ಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು, ಬೀದಿಯ ಕಸದ ಡಬ್ಬಿಗಳು ತಾವೇ ನಡೆದು ಪಕ್ಕದ ಮನೆಗೆ ಹೋಗುತ್ತಿದ್ದವು, ಜನಕ್ಕೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಈ ಗಾಳಿಯಲ್ಲಿ ಮಾಡಿದ ತೀರ್ಮಾನಕ್ಕೆ ಬೆಲೆ ಕೊಡಬಾರದು ಎಂದು ನಮ್ಮ ಫೋರ್ಕ್‌ಲಿಫ್ಟಿನ ಮುದುಕ ಹೇಳುತ್ತಿದ್ದ. ನಾವು ವಿಮಾನದ ಟಿಕೆಟ್ ತೆಗೆಸಿದ್ದು ಆ ಗಾಳಿಯಲ್ಲೇ.

ಆಗಿದ್ದು ಇಷ್ಟು. ವರ್ಷದ ಲೀಗ್ ಪಂದ್ಯಗಳೆಲ್ಲ ಮುಗಿದ ಮೇಲೆ ಆ ಎಂಟು ಕಾಲೇಜುಗಳು ಒಂದೇ ಊರಿನಲ್ಲಿ ಸೇರಿ ಮೂರು ದಿನದ ಟೂರ್ನಮೆಂಟ್ ಆಡುತ್ತವೆ. ಇದಕ್ಕೆ ಕಾನ್ಫರೆನ್ಸ್ ಟೂರ್ನಮೆಂಟ್ ಎನ್ನುತ್ತಾರೆ. ಮೊದಲ ದಿನ ಕ್ವಾರ್ಟರ್, ಎರಡನೇ ದಿನ ಸೆಮಿ, ಮೂರನೇ ದಿನ ಫೈನಲ್. ಒಂದು ಸೋತರೆ ಮನೆಗೆ. ರೇಷ್ಮಾಳ ಪಾಲಿಗೆ ಅಲ್ಲಿಗೆ ಕಾಲೇಜು ಆಟ ಮುಗಿಯುತ್ತಿತ್ತು. ಅಂಕಲ್ ಒಮ್ಮೆಯಾದರೂ ಮಗಳು ಆಡುವುದನ್ನು ಕಣ್ಣಾರೆ ನೋಡಬೇಕೆಂದರೆ ಆ ಮೂರು ದಿನ ಬಿಟ್ಟರೆ ಇನ್ನಿಲ್ಲ. ಮೂರೂ ದಿನ ಇರೋಣವೆಂದರೆ ಅಂಗಡಿ ನೋಡಿಕೊಳ್ಳಲು ನನಗೆ ಸಿಕ್ಕಿದ್ದು ಶುಕ್ರವಾರದಿಂದ ಮಂಗಳವಾರದವರೆಗೆ ರಜೆ, ಓಡಾಟಕ್ಕೆ ಹೋಗಿ ಉಳಿಯುವುದು ಒಂದೇ ಪಂದ್ಯದ ಹೊತ್ತು. ಜೊತೆಗೆ ಆಸ್ಪತ್ರೆಯಿಂದ ಪತ್ರ ಬಂದಿತ್ತು: ಒಂದು ವರ್ಷದಿಂದ ಕಾಯುತ್ತಿದ್ದ ಆಂಟಿಯ ಮೊಣಕಾಲಿನ ಆಪರೇಷನ್ನು ಅದರ ನಂತರದ ಗುರುವಾರ.

"ಒಂದೇ ಪಂದ್ಯ ಅಂದ್ರ ಯಾವುದು ನೋಡ್ಲಿ?" ಎಂದರು ಅಂಕಲ್.

"ಫೈನಲ್ ನೋಡಿ ಅಂಕಲ್. ನನ್ನ ಪಟ್ಟಿ ಪ್ರಕಾರ ಇವರು ಫೈನಲ್ ತಲುಪೋ ಸಂಭವ ನೂರಕ್ಕೆ ಎಪ್ಪತ್ತು."

"ಉಳಿದ ಮೂವತ್ತು?"

"ಅದು ಆಗಲ್ಲ ಬಿಡಿ."

ಸ್ಟ್ಯಾಟಿಸ್ಟಿಕ್ಸ್ ಓದಿದ ಯಾವನೂ ಬಾಯಿಂದ ಆಡಬಾರದ ಮಾತು ಅದು. ಆಡಿದೆ.

ಅಷ್ಟರಲ್ಲಿ ರಂಜಾನ್ ಶುರುವಾಯಿತು. ಆ ಒಂದು ತಿಂಗಳು ಅಂಕಲ್ ತಾರೀಖು ಎಂಬುದನ್ನೇ ಬಿಟ್ಟುಬಿಡುತ್ತಿದ್ದರು. ಮಸೀದಿಯಲ್ಲಿ ಕೊಟ್ಟ ವೇಳಾಪಟ್ಟಿಯನ್ನು ಐಸ್‌ಕ್ರೀಮಿನ ಫ್ರೀಜರಿಗೆ ಅಂಟಿಸಿ, ಎಲ್ಲವನ್ನೂ ಉಪವಾಸದ, ಅಂದರೆ ರೋಜಾದ, ಎಣಿಕೆಯಲ್ಲೇ ಹೇಳುವುದು. ಬ್ರೆಡ್ಡಿನವನು ಬರುವುದು ಮೂರನೇ ರೋಜಾಕ್ಕೆ, ಆಂಟಿಯ ಆಪರೇಷನ್ನು ಹನ್ನೆರಡನೇ ರೋಜಾಕ್ಕೆ. ಬ್ರೆಡ್ ಕಂಪನಿಯ ಡ್ರೈವರ್ ಕೂಡ, ಅವನು ಇಲ್ಲೇ ಹುಟ್ಟಿ ಬೆಳೆದ ಅಪ್ಪಟ ಕೀವಿ, ಅದಕ್ಕೆ ಒಗ್ಗಿಹೋಗಿದ್ದ. ಮಗಳೂ ಅಪ್ಪನ ಜೊತೆ ಆ ಎಣಿಕೆಯಲ್ಲೇ ಮಾತಾಡುತ್ತಿದ್ದಳು. ಮೊದಲ ರೋಜಾದ ದಿನ ಫೋನು ಮಾಡಿ, ಉಪವಾಸವಿದ್ದೇ ಕೊನೆಯ ಲೀಗ್ ಪಂದ್ಯ ಆಡಿದೆ, ಆರಕ್ಕೆ ಆರೂ ಫ್ರೀ ಥ್ರೋ ಹಾಕಿದೆ, ಫೈನಲ್ ಒಂಬತ್ತನೇ ರೋಜಾ ಎಂದಿದ್ದಳು. ಫ್ರೀ ಥ್ರೋ ಎಂದರೆ ಎದುರಾಳಿ ತಪ್ಪು ಮಾಡಿದಾಗ ಗೆರೆಯ ಮೇಲೆ ಒಬ್ಬಳೇ ನಿಂತು, ಯಾರೂ ಅಡ್ಡ ಬರದಂತೆ, ಬುಟ್ಟಿಗೆ ಎಸೆಯುವ ಚೆಂಡು.

"ಆರಕ್ಕೆ ಆರು! ರೋಜಾದ ಬರಕತ್ತು ಅದು," ಎಂದರು ಅಂಕಲ್. "ಬರಕೋ ನಿನ್ನ ಪಟ್ಯಾಗ."

"ಒಂದು ಪಂದ್ಯದಿಂದ ಏನೂ ಹೇಳಕ್ಕಾಗಲ್ಲ ಅಂಕಲ್."

"ನಿನಗ ಹೇಳಾಕ ಆಗೂದಿಲ್ಲ. ನನಗ ಆಗತೈತಿ."

ಎರಡನೇ ರೋಜಾದ ಸಂಜೆ, ಇಫ್ತಾರ್ ಮುಗಿಸಿ, ನಾವಿಬ್ಬರೂ ಆ ಫ್ರೀಜರಿನ ಮುಂದೆ ಪಂಡಿತರಂತೆ ನಿಂತೆವು. ಮಗಳಿಗೆ ಇನ್ನೊಮ್ಮೆ ಫೋನು ಮಾಡಿ ಕೇಳುವಂತಿರಲಿಲ್ಲ. ಹೇಳದೆ ಹೋಗಿ ಎದುರು ನಿಲ್ಲಬೇಕೆಂಬುದು ಅಂಕಲ್ ಆಸೆ. ನಮ್ಮ ವೇಳಾಪಟ್ಟಿಯಲ್ಲಿ ಒಂಬತ್ತನೇ ರೋಜಾ ಸೋಮವಾರ. "ಅಲ್ಲಿ ಚಂದ್ರ ನಮಗಿಂತ ಒಂದಿನ ಮೊದಲ ಕಂಡೈತಿ," ಎಂದರು ಅಂಕಲ್. "ಅದಕ್ಕ ಒಂದಿನ ಕಳಿ. ಭಾನುವಾರ." ನಾನು ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡೆ. "ಅಷ್ಟೇ ಅಲ್ಲ ಅಂಕಲ್. ನಮ್ಮ ಭಾನುವಾರ ಅಂದ್ರೆ ಅಮೆರಿಕದಲ್ಲಿ ಶನಿವಾರ. ಇನ್ನೊಂದು ದಿನ ಕಳೀಬೇಕು." ಅಂಕಲ್ ನನ್ನ ಭುಜ ತಟ್ಟಿದರು. "ಇದಕ್ಕ ನೋಡು ಓದಿದವರು ಬೇಕು."

ಅಂಕಲ್ ಹೇಳಿದ ಆ ಭಾನುವಾರ ರೇಷ್ಮಾ ಎಣಿಸುವ ಅಮೆರಿಕದ ಭಾನುವಾರವೇ ಆಗಿತ್ತು, ಅಲ್ಲಿಗೆ ಲೆಕ್ಕ ಮುಗಿದಿತ್ತು. ಒಂದೇ ದಿನ ಕಳೆದರೆ ಸಾಕಿತ್ತು. ನಾವು ಎರಡು ಕಳೆದೆವು, ಒಂದನ್ನು ಅವರು ಚಂದ್ರನ ಹೆಸರಲ್ಲಿ, ಇನ್ನೊಂದನ್ನು ನಾನು ಭೂಗೋಳದ ಹೆಸರಲ್ಲಿ. ಕಾನ್ಫರೆನ್ಸಿನ ವೆಬ್‌ಸೈಟು ತೆರೆದಿದ್ದರೆ ಫೈನಲ್ ಯಾವತ್ತು ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಲೆಕ್ಕ ಹಾಕಿ ಆದ ಮೇಲೆ ನೋಡುವುದೇನು ಎಂದು ತೆರೆಯಲಿಲ್ಲ. ಶುಕ್ರವಾರ ಹೊರಟು ಅಲ್ಲಿಯ ಶುಕ್ರವಾರ ಸಂಜೆಗೇ ತಲುಪುವುದು, ಶನಿವಾರ ಫೈನಲ್, ಭಾನುವಾರ ಬೆಳಿಗ್ಗೆ ಹೊರಟು ಮಂಗಳವಾರ ಇಲ್ಲಿ. ಟಿಕೆಟ್ ಆಯಿತು.

ಶುಕ್ರವಾರ ಬೆಳಿಗ್ಗೆ ಮೊದಲ ಸುತ್ತಿನ ಫಲಿತಾಂಶ ಹುಡುಕಿದೆ, ಸಿಗಲಿಲ್ಲ. ಆ ಸಣ್ಣ ಕಾಲೇಜಿನವರು ಯಾವಾಗಲೂ ತಡ ಮಾಡುತ್ತಾರೆ ಎಂದುಕೊಂಡೆ. "ಗೆದ್ದೇ ಇರ್ತಾರೆ ಅಂಕಲ್, ಹೊರಡಿ," ಎಂದೆ. ಅಂಕಲ್ ಇಸ್ತ್ರಿ ಮಾಡಿದ ಕೋಟು ಹಾಕಿ, ಆಂಟಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿಯನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಹೋದರು.

ಅಂಗಡಿ ನಡೆಸುವುದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ. ಐಸ್‌ಕ್ರೀಮನ್ನು ಚಮಚದಿಂದ ಎತ್ತಿ ಕೋನಿಗೆ ಒತ್ತುವಾಗ ಮೂರು ಕೋನು ಪುಡಿ ಮಾಡಿದೆ. ಲಾಲಿಗಳನ್ನು ಎಣಿಸಿ ಎಣಿಸಿ ಚೀಲಕ್ಕೆ ಹಾಕುತ್ತಿದ್ದರೆ ಬಾಗಿಲ ತನಕ ಮಕ್ಕಳ ಸಾಲು. ಒಳಗೆ ಕೂತಿದ್ದ ಆಂಟಿ "ಎಣಿಸಬ್ಯಾಡೋ, ಮುಷ್ಟಿ ತುಂಬಿ ಹಾಕು" ಎಂದು ಕೂಗುತ್ತಿದ್ದರು. ಅವರು ಉಪವಾಸ, ನಾನು ಪೈ ಪೆಟ್ಟಿಗೆಯ ಪಕ್ಕ. ನಾಚಿಕೆಯಿಂದ ಹಿಂದಿನ ಬಾಗಿಲಲ್ಲಿ ನಿಂತು ಗಾಳಿಗೆ ಬೆನ್ನು ಕೊಟ್ಟು ಪೈ ತಿನ್ನುತ್ತಿದ್ದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಪಂದ್ಯ ಹಾಕಿದೆ. ನನ್ನ ಪ್ರಕಾರ ಅದು ಸೆಮಿಫೈನಲ್. ರೇಷ್ಮಾಳ ತಂಡ ಸಲೀಸಾಗಿ ಗೆದ್ದಿತು, ಅವಳು ಐದಕ್ಕೆ ಐದು ಫ್ರೀ ಥ್ರೋ ಹಾಕಿದಳು. ಕೊನೆಗೆ ಕಾಮೆಂಟರಿಯವನು, ಈ ತಂಡವನ್ನು ನಾಳೆ ಸೆಮಿಫೈನಲ್‌ನಲ್ಲಿ ನೋಡೋಣ ಎಂದ. ತಪ್ಪು ಹೇಳಿದ ಎಂದು ನಕ್ಕೆ. ಎರಡನೇ ಸಲವೂ ಅದನ್ನೇ ಹೇಳಿದ. ಆಗ ವೆಬ್‌ಸೈಟು ತೆರೆದೆ. ಶನಿವಾರ ಸೆಮಿಫೈನಲ್, ಭಾನುವಾರ ಮಧ್ಯಾಹ್ನ ಫೈನಲ್. ಅಂಕಲ್ ವಿಮಾನ ಭಾನುವಾರ ಬೆಳಿಗ್ಗೆ. ಮಗಳು ಫೈನಲ್ ಆಡುವ ಹೊತ್ತಿಗೆ ಅಪ್ಪ ಮೋಡದ ಮೇಲೆ ಕೂತು ಅವಳಿಗೆ ಬೆನ್ನು ಹಾಕಿ ಬರುತ್ತಿರುತ್ತಾರೆ!

ಆ ದಿನವೆಲ್ಲ ವಿಮಾನದವರಿಗೆ ಫೋನು ಮಾಡಿದೆ. ಅವರ ಸಂಗೀತ ನನಗೆ ಬಾಯಿಪಾಠವಾಯಿತು. ಸೋಮವಾರದ ವಿಮಾನದಲ್ಲಿ ಒಂದೂ ಸೀಟಿಲ್ಲ. ಮಂಗಳವಾರ ಇದೆ, ಅದರಲ್ಲಿ ಬಂದರೆ ಆಂಟಿ ಗುರುವಾರ ಬೆಳಿಗ್ಗೆ ಒಬ್ಬರೇ ಆಸ್ಪತ್ರೆಗೆ ಹೋಗಬೇಕು. ಆಂಟಿಗೆ ಹೇಳುವ ಧೈರ್ಯವಾಗಲಿಲ್ಲ. ಅಂಕಲ್ಲಿನಿಂದ ಒಂದೇ ಮೆಸೇಜು ಬಂತು: ಮುಟ್ಟಿದೆ, ರೇಷ್ಮಾ ನೋಡಿ ಅತ್ತಳು. ಓದಿ ನನಗೂ ಅಳು ಬಂತು.

ಆಮೇಲೆ ನನಗೆ ಹೊಳೆದದ್ದನ್ನು ಹೇಳಲು ಈಗಲೂ ನಾಚಿಕೆ. ಸೆಮಿಫೈನಲ್ ಸೋತರೆ ಫೈನಲ್ಲೇ ಇಲ್ಲ. ಫೈನಲ್ ಇಲ್ಲದಿದ್ದರೆ ಅಂಕಲ್ ತಪ್ಪಿಸಿಕೊಳ್ಳುವುದೂ ಏನಿಲ್ಲ. ಮಗಳ ಕೊನೆಯ ಪಂದ್ಯವನ್ನು ಕಣ್ಣಾರೆ ನೋಡಿದ ಅಪ್ಪನಾಗಿ ಮನೆಗೆ ಬರುತ್ತಾರೆ. ಹೀಗೆ, ಮೂರು ವರ್ಷ ನಾನು ಹೊತ್ತು ಮೆರೆಸಿದ ತಂಡ ಸೋಲಲಿ ಎಂದು ಹರಸಿಕೊಂಡು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಆಂಟಿ, ಕೈಯಲ್ಲಿ ತಸ್ಬೀಹ್ ಮಣಿ, ಮಗಳು ಗೆಲ್ಲಲಿ ಎಂದು ಒಂದೇ ಸಮನೆ ದುವಾ.

"ನಮ್ಮವು ಎಷ್ಟಾದ್ವು?"

"ನಲವತ್ತು, ಆಂಟಿ."

"ಛಲೋ ಐತಲ್ಲ? ಮತ್ತ ನಿನ್ನ ಮಾರಿ ಯಾಕ ಹಂಗಾಗೇತಿ?"

ರೇಷ್ಮಾ ಚೆನ್ನಾಗಿ ಆಡಿದಷ್ಟೂ ನಾನು ಕುಸಿಯುತ್ತಿದ್ದೆ. ಯೂಟಿನವನೊಬ್ಬ ಪೈ ಕೇಳಿದ. ಕೊಟ್ಟು ತಿರುಗುವಷ್ಟರಲ್ಲಿ ಎಲ್ಲರೂ ಆ ಕಡೆ ಓಡಿಬಿಟ್ಟಿದ್ದರು. ಅಂಕಲ್ ನಾಲ್ಕು ವರ್ಷ ಏನು ಅನುಭವಿಸಿದ್ದರೆಂದು ಆಗ ತಿಳಿಯಿತು. ಕೊನೆಗೆ ಐದು ಸೆಕೆಂಡ್ ಉಳಿದಿತ್ತು, ನಮ್ಮವರು ಎರಡು ಪಾಯಿಂಟ್ ಹಿಂದೆ, ರೇಷ್ಮಾಳಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ಎರಡೂ ಬಿದ್ದರೆ ಸಮ. ಆ ಪಂದ್ಯದಲ್ಲೂ ಅಲ್ಲಿಯವರೆಗೆ ಅವಳದು ಒಂದೂ ತಪ್ಪಿರಲಿಲ್ಲ. ರೋಜಾದ ಬರಕತ್ತು! ಕ್ಯಾಮೆರಾ ಒಂದು ಕ್ಷಣ ಪ್ರೇಕ್ಷಕರ ಕಡೆ ತಿರುಗಿತು. ಖಾಲಿ ಬೆಂಚುಗಳ ನಡುವೆ ಇಸ್ತ್ರಿ ಕೋಟಿನ ಅಂಕಲ್, ಕಣ್ಣು ಮುಚ್ಚಿ, ಎರಡೂ ಅಂಗೈ ಬಿಡಿಸಿ ಬೇಡುತ್ತಿದ್ದರು. ಆಂಟಿ ಪರದೆಯನ್ನೇ ಮುಟ್ಟಿದರು. ಉಪವಾಸವಿದ್ದ ತಂದೆ ಅಲ್ಲಿ, ತಾಯಿ ಇಲ್ಲಿ, ನಡುವೆ ಪೈ ತಿಂದು ಕೂತ ಪಾಪಿ ನಾನು.

ಮೊದಲನೆಯದು ಬಿತ್ತು. ಎರಡನೆಯದು ಬುಟ್ಟಿಯ ಕಬ್ಬಿಣಕ್ಕೆ ಬಡಿದು, ಒಂದು ಸುತ್ತು ಹಾಕಿ, ಹೊರಗೆ ಉದುರಿತು. ಪಂದ್ಯ ಮುಗಿಯಿತು.

ನಾನು ಕುರ್ಚಿ ಬಿಟ್ಟು ಜಿಗಿದೆ. ತಡೆಯುವಷ್ಟರಲ್ಲಿ ಜಿಗಿದಾಗಿತ್ತು.

"ಯಾಕ ಕುಣಿದಿ?" ಎಂದರು ಆಂಟಿ. ಅವರ ಕಣ್ಣಲ್ಲಿ ನೀರಿತ್ತು.

"ಕಾಲಿಗೆ ಏನೋ ಕಚ್ಚಿತು ಆಂಟಿ."

"ಇರಿವಿ ಇರಬೇಕು. ಲಾಲಿ ಡಬ್ಬಿ ಮುಚ್ಚು."

ಮುಚ್ಚಿದೆ. ಪರದೆಯ ಮೇಲೆ ರೇಷ್ಮಾ ಮೊಣಕಾಲೂರಿ ಕೂತು ಅಂಗಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮೂರು ವರ್ಷ ಅವಳನ್ನು ಅಂಕಿಗಳಲ್ಲಿ ಕಂಡಿದ್ದ ನನಗೆ ಅವಳು ಅಳುವುದನ್ನು ನೋಡಿದ್ದು ಅದೇ ಮೊದಲು. ಗೆದ್ದವನಂತೆ ಜಿಗಿದಿದ್ದ ಕಾಲು ಆಮೇಲೆ ಸಂಜೆಯವರೆಗೂ ಭಾರವಾಗಿತ್ತು.

ಮಂಗಳವಾರ ಏರ್‌ಪೋರ್ಟಿನಿಂದ ಅಂಕಲ್ಲನ್ನು ಕರೆದುಕೊಂಡು ಬರುವಾಗ ಗಾಳಿ ನಿಂತಿತ್ತು. ಪಾಪ್ಲರ್ ಮರಗಳು ಹಳದಿಗೆ ತಿರುಗಿದ್ದವು. ದಾರಿಯಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಅಂಕಲ್, ದಿನ ಎಣಿಸಿದ್ದರಲ್ಲಿ ನಾನು ತಪ್ಪಿದೆ."

"ಗೊತ್ತೈತಿ. ಹೋದ ದಿನಾನ ರೇಷ್ಮಾ ಹೇಳಿದ್ಲು. ಅಪ್ಪಾ, ನೀ ಭಾನುವಾರ ಮುಂಜಾನೆ ಹೋದ್ರ ಫೈನಲ್ ಹೆಂಗ ನೋಡ್ತಿ ಅಂದ್ಲು. ಇಬ್ರೂ ಕುಂತು ಫೋನ್ ಹಚ್ಚೇ ಹಚ್ಚಿದ್ವಿ, ಸೀಟ ಇಲ್ಲ."

"ಅದಕ್ಕೇ ನಾನು... ಅವರು ಸೋಲಲಿ ಅಂದ್ಕೊಂಡೆ ಅಂಕಲ್. ಕ್ಷಮಿಸಿ."

ಅಂಕಲ್ ಹೋಳಿಗೆಯ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಕಾರು ಟ್ರಾಫಿಕ್ ಲೈಟಿನಲ್ಲಿ ನಿಂತಾಗ ಮುಂದೆ ನೋಡುತ್ತಲೇ ಹೇಳಿದರು, "ನಾನೂ ಅದನ್ನ ಬೇಡೀನಿ ತಮ್ಮಾ. ಎರಡನೇದು ಬೀಳೂದು ಬ್ಯಾಡ ಅಂತ. ರೋಜಾ ಹಿಡದು, ಮಗಳು ಸೋಲಲಿ ಅಂತ ಬೇಡಿದ ಅಪ್ಪ ನಾನೊಬ್ಬನ ಇರಬೇಕು. ಯಾರಿಗೂ ಹೇಳಬ್ಯಾಡ." ಹಸಿರು ದೀಪ ಬಿತ್ತು. ಹಿಂದಿನ ಯೂಟಿನವನು ಹಾರ್ನ್ ಬಾರಿಸುವವರೆಗೂ ನಾನು ಹೊರಡಲಿಲ್ಲ.

ಆಂಟಿಯ ಆಪರೇಷನ್ನು ಚೆನ್ನಾಗಿ ಆಯಿತು. ಜೂನಿನಲ್ಲಿ, ಮುಂಜಾನೆ ಗಾಡಿಗಳ ಗಾಜಿನ ಮೇಲೆ ಮಂಜು ಕಟ್ಟುವ ಹೊತ್ತಿಗೆ, ರೇಷ್ಮಾ ಡಿಗ್ರಿ ಮುಗಿಸಿ ಮನೆಗೆ ಬಂದಳು. ದೂರದ ಉತ್ತರದ ಊರಾದ ಮನುಕಾವ್‌ನಲ್ಲಿ ಮಕ್ಕಳಿಗೆ ಕೋಚ್ ಆಗುವ ಕೆಲಸ ಸಿಕ್ಕಿತ್ತು, ಅಲ್ಲಿಗೆ ಹೋಗುವ ಮುಂಚೆ ಎರಡು ವಾರ ಇಲ್ಲಿ. ದಿನಾ ಶಾಲೆಯ ಅಂಗಳಕ್ಕೆ ಹೋಗಿ ಆ ಎರಡನೇ ಫ್ರೀ ಥ್ರೋ ಒಂದನ್ನೇ ನೂರು ಸಲ ಎಸೆದು ಬರುತ್ತಿದ್ದಳು. ಒಂದು ಸಂಜೆ ಅಂಗಡಿಯಲ್ಲಿ ನಾವು ನಾಲ್ವರೇ ಇದ್ದೆವು. ಅಂಕಲ್ ಬಗ್ಗಿ ಫ್ರಿಜ್ಜಿಗೆ ಹಾಲಿನ ಬಾಟಲಿಗಳನ್ನು ಜೋಡಿಸುತ್ತಿದ್ದರು.

"ಐ ಡೋಂಟ್ ಗೆಟ್ ಇಟ್, ಮಂಜು ಅಂಕಲ್," ಎಂದಳು ರೇಷ್ಮಾ ನನ್ನ ಕಡೆ ತಿರುಗಿ. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷೇ. ಮೊಣಕೈ ಸರಿ ಇತ್ತು, ಕಾಲು ಸರಿ ಇತ್ತು ಎಂದಳು. ಎಸೆಯುವ ಮುಂಚೆ ಮೇಲೆ ನೋಡಿದೆ, ಅಪ್ಪ ಕಣ್ಣು ಮುಚ್ಚಿ ನನಗಾಗಿ ದುವಾ ಮಾಡುತ್ತಿದ್ದ, ಅಷ್ಟು ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ, ಆದರೂ ತಪ್ಪಿತು. ಅಪ್ಪನ ದುವಾ ವ್ಯರ್ಥ ಮಾಡಿದೆ ಎಂದಳು.

ನಾನು ಪೈ ಪೆಟ್ಟಿಗೆಯ ಗಾಜು ಒರೆಸತೊಡಗಿದೆ. ಅಂಕಲ್ ಬಾಟಲಿ ಹಿಡಿದುಕೊಂಡೇ ನೆಟ್ಟಗೆ ನಿಂತರು.

"ವ್ಯರ್ಥ ಆಗಿಲ್ಲ ಯವ್ವಾ," ಎಂದರು. "ನಾ ಬೇಡಿದ್ದು ಬೀಳಬಾರದು ಅಂತ. ನೀ ಗೆದ್ರ ಮರುದಿನ ನಾ ಇರತಿರಲಿಲ್ಲ. ನಿನ್ನ ಕಡೀ ಆಟ ನಾ ನೋಡಬೇಕಾಗಿತ್ತು. ನನ್ನ ಸಲುವಾಗಿ ಬೇಡಿದೆ, ನಿನ್ನ ಸಲುವಾಗಿ ಅಲ್ಲ."

ಆಂಟಿ ಹೊಸ ಮೊಣಕಾಲಿನ ಮೇಲೆ ಎದ್ದು ನಿಂತೇಬಿಟ್ಟರು. "ಏನಂದ್ರಿ? ನಾ ಇಲ್ಲಿ ಗೆಲ್ಲಲಿ ಅಂತ ಮಣಿ ಸವೆಸಾಕತ್ತಿದ್ದೆ, ನೀವು ಅಲ್ಲಿ ಕುಂತು..." ನನ್ನ ಮುಖ ನೋಡಿ ಅರ್ಥವಾಯಿತು. "ನೀನೂ? ಇಬ್ಬರು ಗಂಡಸರು ಕೂಡಿ ನನ್ನ ಒಬ್ಬಾಕಿ ದುವಾ ಕೆಡಿಸಿದ್ರಿ!"

ರೇಷ್ಮಾ ಅಪ್ಪನನ್ನೇ ನೋಡುತ್ತಿದ್ದಳು. ಬೈಯುತ್ತಾಳೋ ಅಳುತ್ತಾಳೋ ಎಂದು ನಾನು ಒರೆಸುವುದನ್ನು ನಿಲ್ಲಿಸಿ ಕಾದೆ. ಅವಳು ಹೋಗಿ ಅಪ್ಪನ ತಲೆಯ ಮೇಲೆ ತನ್ನ ಗದ್ದವಿಟ್ಟಳು, ಅಷ್ಟು ಎತ್ತರ. ತಡವರಿಸುತ್ತಾ, ಒಂದೊಂದೇ ಪದ ಹುಡುಕಿಕೊಂಡು, ಕನ್ನಡದಲ್ಲಿ ಹೇಳಿದಳು.

"ಕೇಳಿದ್ರ ಆಗ್ತಿತ್ತಲ್ಲ ಅಪ್ಪಾ. ನಾನೇ ತಪ್ಪಿಸ್ತಿದ್ದೆ."

ಅಂಕಲ್ ಮುಖ ತಿರುಗಿಸಿ, ಉಳಿದ ಹಾಲಿನ ಬಾಟಲಿಗಳನ್ನೆಲ್ಲ ಒಂದೊಂದಾಗಿ ಎತ್ತಿ, ಬಿಸಿ ಪೈಗಳ ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸತೊಡಗಿದರು. ನಾವು ಯಾರೂ ತಡೆಯಲಿಲ್ಲ.